ಒತ್ತಿ ಬಿಟ್ಟಾಗ ಬರುವ ಕೆಂಪು

ಹೆಬ್ಬೆರಳು ಮೂಗಿನ ಹತ್ತಿರ ಬಂದು ನಿಂತುಬಿಟ್ಟಿತು. ಚಾಚಿದ ಕಾಲುಗಳ ನಡುವಿನ ತಗ್ಗಿನಲ್ಲಿ ಭಾಗವ್ವನ ಮೊಮ್ಮಗಳು ಮೈತುಂಬ ಎಣ್ಣೆ ಮೆತ್ತಿಕೊಂಡು ಮಲಗಿ, ಬಚ್ಚಲ ಕಿಂಡಿಯಿಂದ ಬೀಳುವ ಬೆಳಕನ್ನೇ ನೋಡುತ್ತಿತ್ತು. ನೆತ್ತಿಗೆ ತಟ್ಟಿದ್ದಾಯಿತು, ಎದೆ ತಿಕ್ಕಿದ್ದಾಯಿತು, ಕೈಕಾಲು ಮಡಚಿ ಬಿಡಿಸಿದ್ದಾಯಿತು. ಇನ್ನು ಉಳಿದದ್ದು ಮೂಗು. ಮಂಗೋರ್ ಹಿಲ್ಲಿನ ಈ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆದು ಮೂಗು ತೀಡಿದವಳು ಚಂದವ್ವ. ಹುಬ್ಬುಗಳ ನಡುವಿನಿಂದ ಶುರು ಮಾಡಿ, ಹೆಬ್ಬೆರಳು ತೋರುಬೆರಳುಗಳ ಸಂದಿನಲ್ಲಿ ಹಿಡಿದು, ಮೆಲ್ಲಗೆ ಮೇಲಕ್ಕೆತ್ತುತ್ತ ತುದಿಯವರೆಗೆ ಬರಬೇಕು. ದಿನಾ ಹೀಗೆ ತೀಡಿದರೆ ಎಂಥ ಚಪ್ಪಟೆ ಮೂಗೂ ಎದ್ದು ನಿಲ್ಲುತ್ತದೆ ಎಂದು ಅವಳಿಗೆ ಅವಳ ತಾಯಿ ಹೇಳಿದ್ದಳು, ತಾಯಿಗೆ ಅವಳ ತಾಯಿ ಹೇಳಿದ್ದಳು. ವಿಜಯಪುರದ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಗೋವಾಕ್ಕೆ ಬಂದಾಗ ಚಂದವ್ವ ಹೊತ್ತು ತಂದ ಆಸ್ತಿಯೆಂದರೆ ಈ ಎರಡು ಬೆರಳು. ಇವತ್ತು ಆ ಬೆರಳುಗಳು ಮುಂದಕ್ಕೆ ಹೋಗಲೊಲ್ಲವು. ನಿನ್ನೆ ಮಧ್ಯಾಹ್ನದಿಂದ ಹೆಬ್ಬೆರಳಿನ ತುದಿಯಲ್ಲಿ ಏನೋ ಅಂಟಿಕೊಂಡಂತಿದೆ. ಕಡಲೆಹಿಟ್ಟು ಹಚ್ಚಿ ತಿಕ್ಕಿದರೂ ಹೋಗಿಲ್ಲ.

"ಯಾಕ ಚಂದವ್ವಾ, ಮೂಗ ತೀಡಲಿಲ್ಲಲ್ಲ?" ಬಿಸಿನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದ ಭಾಗವ್ವ ಕೇಳಿದಳು. "ಮೊದಲ ಈ ಕೂಸಿಗೆ ನಮ್ಮ ಸೊಸಿ ತವರಮನಿ ಮೂಗ ಬಂದೈತಿ. ನೀನೂ ಕೈ ಬಿಟ್ರ ಮುಗದ ಹೋತ."

"ನಾಳೆ ತೀಡತೇನಿ ತಗೋ. ಇವತ್ತ ನೆಗಡಿ ಆದಂಗೈತಿ ಕೂಸಿಗೆ."

"ನೆಗಡಿ? ಎಲ್ಲಿ ನೆಗಡಿ?"

ಚಂದವ್ವ ನೀರು ಸುರಿದಳು. ಸುಳ್ಳು ಹೇಳುವುದು ಅವಳಿಗೆ ಬಾರದು. ಕೂಸು ಕಿರುಚಿತು, ಪುಣ್ಯಕ್ಕೆ ಮಾತು ಅಲ್ಲಿಗೇ ನಿಂತಿತು. ಆದರೆ ಭಾಗವ್ವ ಅಷ್ಟಕ್ಕೆ ಬಿಡುವವಳೇ? ಲೋಬಾನದ ಹೊಗೆ ಹಾಕುತ್ತ, ತುಟಿಯಂಚಲ್ಲಿ ನಗುತ್ತ, "ನಿನ್ನ ಮಗಳು ಮೂಗ ಮಾಡಿಸ್ಕೊಂಡ ಬಂದಾಳಂತಲ್ಲ, ಓಣಿ ತುಂಬ ಅದ ಸುದ್ದಿ," ಎಂದಳು. "ಊರ ಮೂಗ ತೀಡಿದಾಕಿ ಮನಿಗೇ ಡಾಕ್ಟರ್ ಬೇಕಾದ್ರಲ್ಲ!" ಈ ಮಾತು ಹೊಸದಲ್ಲ. ಗೀತಾಂಜಲಿ ಹುಟ್ಟಿದಂದಿನಿಂದ ಬೇರೆ ಬೇರೆ ಬಾಯಲ್ಲಿ ಚಂದವ್ವ ಕೇಳುತ್ತ ಬಂದ ಮಾತೇ. ಓಣಿಯ ಮಕ್ಕಳೆಲ್ಲ ಒಳ್ಳೇ ಮೂಗು ಹೊತ್ತು ಶಾಲೆಗೆ ಹೋಗುವಾಗ ತನ್ನ ಮಗಳು ಮಾತ್ರ ತಂದೆಯ ಮೂಗು, ಒತ್ತಿಟ್ಟ ಹಿಟ್ಟಿನಂಥ ಅಗಲ ಮೂಗು, ಹೊತ್ತು ಹೋಗುತ್ತಿದ್ದಳು. ತೀಡಲಿಲ್ಲವೆಂದಲ್ಲ. ಉಳಿದ ಕೂಸುಗಳಿಗೆ ಒಂದು ಸಲ ತೀಡಿದರೆ ತನ್ನದಕ್ಕೆ ಹತ್ತು ಸಲ ತೀಡಿದ್ದಳು. ಬೆರಳು ಹಿಡಿದಷ್ಟು ಹೊತ್ತು ಮೂಗು ಎದ್ದು ನಿಲ್ಲುತ್ತಿತ್ತು. ಬಿಟ್ಟ ಕೂಡಲೇ, ಹೋಗವ್ವಾ ನಿನ್ನ ಕೆಲಸ ನೋಡು ಎಂಬಂತೆ ಮತ್ತೆ ಮಲಗುತ್ತಿತ್ತು. ಅವಳ ಮಾತು ಕೇಳದ ಮೂಗು ಜಗತ್ತಿನಲ್ಲಿ ಅದೊಂದೇ. ಶಾಲೆಯಲ್ಲಿ ಯಾರೋ 'ಚಪಟಿ' ಎಂದು ಕರೆದ ಮೇಲೆ ಹುಡುಗಿ ನಗುವಾಗ ಅಂಗೈಯಿಂದ ಮೂಗು ಮುಚ್ಚಿಕೊಳ್ಳುವುದನ್ನು ಕಲಿತಳು. ಈಗ ಕಾಣಕೋಣದ ದೊಡ್ಡ ರಿಸಾರ್ಟಿನಲ್ಲಿ ಬಂದವರನ್ನು ನಗುನಗುತ್ತ ಎದುರುಗೊಳ್ಳುವುದೇ ಅವಳ ಕೆಲಸ, ಅಲ್ಲಿಯೂ ಕೈ ತಾನಾಗಿ ಮೇಲೇಳುತ್ತದಂತೆ. ಆ ಕೈ ಏಳುವುದನ್ನು ಕಂಡಾಗಲೆಲ್ಲ ಚಂದವ್ವನಿಗೆ ತನ್ನ ಬೆರಳುಗಳಿಗೆ ಯಾರೋ ಬೈದಂತಾಗುತ್ತಿತ್ತು.

ಬುಧವಾರ ಗೀತಾಂಜಲಿ ರಜೆ ಹಾಕಿ ಮ್ಹಾಪಸಾಕ್ಕೆ ಹೋಗಿ ಬಂದಳು. ಬೆಳಗಾವಿ ಕಡೆಯ ಅರಿವೆ ವ್ಯಾಪಾರಿಗಳ ಮಗಳು ಮಂಗಲಾ ಎಂಬ ಚರ್ಮದ ಡಾಕ್ಟರು ಅಲ್ಲಿದ್ದಾರೆ, ಕನ್ನಡ ಮಾತಾಡುತ್ತಾರೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಸೂಜಿಯಿಂದ ಮೂಗಿನ ಬೆನ್ನಿಗೆ ಒಂದು ಲೋಳೆಯಂಥದ್ದನ್ನು ತುಂಬುತ್ತಾರೆ, ಅದಕ್ಕೆ ಫಿಲ್ಲರ್ ಅನ್ನುತ್ತಾರೆ. ಹೋಗುವಾಗ ಇದ್ದ ಮೂಗು ಬರುವಾಗ ಇರಲಿಲ್ಲ. ಹುಬ್ಬಿನ ನಡುವಿನಿಂದ ನೆಟ್ಟಗೆ ಇಳಿದುಬಂದ ಏಣು, ತುದಿ ಕೊಂಚ ಮೇಲೆ. ಚಂದವ್ವ ಹೊಸ್ತಿಲಲ್ಲೇ ನಿಂತು ನೋಡಿದಳು. ತಾನು ಕೂಸಿಗೆ ತೀಡುವಾಗ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮೂಗು ಅದೇ, ಅದೇ! ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಆ ಡಾಕ್ಟರಿಗೆ ಹೇಗೆ ತಿಳಿಯಿತು? ತನ್ನ ಬೆರಳು ವರ್ಷಗಟ್ಟಲೆ ಮಾಡಲಾರದ್ದನ್ನು ಒಂದು ಸೂಜಿ ಒಂದೇ ಬೈಠಕ್ಕಿನಲ್ಲಿ ಮಾಡಿಬಿಟ್ಟಿತ್ತು. ಕಂಠೆಪ್ಪ, ಬಂದರಿನಲ್ಲಿ ಹಮಾಲಿ ಮಾಡುವ ಅವಳ ಗಂಡ, ಮಗಳ ಮುಖವನ್ನು ಒಂದು ಸಲ ನೋಡಿದವನು "ಚಲೋ ಆಗೇತಿ" ಎಂದಷ್ಟೇ ಹೇಳಿ ಹೊರಗೆ ಹೋಗಿ ಕುಳಿತ. ಅಂದಿನಿಂದ ಮೂಗಿನ ಮೇಲೆ ಟವೆಲ್ಲು ಸುತ್ತಿಕೊಂಡಿದ್ದಾನೆ. ಕೇಳಿದರೆ ಧೂಳು ಅನ್ನುತ್ತಾನೆ. ಮನೆಯೊಳಗೆ ಎಲ್ಲಿಯ ಧೂಳು?

"ಎರಡ ವಾರ ಯಾರೂ ಮುಟ್ಟಬಾರದು ಅಂದಾರ ಡಾಕ್ಟರ್. ಬೋರಲ ಮಲಗಬಾರದು, ಕನ್ನಡಕ ಹಾಕಬಾರದು. ನೋವು ಬಂದ್ರ, ಬಣ್ಣ ಬದಲಾದ್ರ, ಕಣ್ಣ ಮಂಜಾದ್ರ ಆ ಕ್ಷಣನ ಫೋನ್ ಮಾಡಂದಾರ," ಎಂದಿದ್ದಳು ಗೀತಾಂಜಲಿ. "ನಿನಗ ಹೇಳಾಕತ್ತೇನಿ ಅವ್ವಾ, ನಿನ್ನ ಕೈ ಸುಮ್ನ ಇರೂದಿಲ್ಲ." "ನಾ ಯಾಕ ಮುಟ್ಟಲಿ ನಿನ್ನ ರಾಣಿ ಮೂಗ?" ಎಂದು ಚಂದವ್ವ ನಕ್ಕಿದ್ದಳು. ನಿನ್ನೆ ಮಧ್ಯಾಹ್ನ ಮಗಳ ತಲೆ ತೊಡೆಯ ಮೇಲಿತ್ತು. ಎಣ್ಣೆ ಹಚ್ಚಿಸಿಕೊಳ್ಳುತ್ತ ಹುಡುಗಿಗೆ ಜೊಂಪು ಹತ್ತಿತು. ನೆತ್ತಿಯಿಂದ ಹಣೆಗೆ, ಹಣೆಯಿಂದ ಹುಬ್ಬಿಗೆ ಬಂದ ಬೆರಳು ಅಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಕೆರೆಗೆ ಹೋಗುವ ಎಮ್ಮೆಗೆ ದಾರಿ ತೋರಿಸಬೇಕೆ? ಇಳಿದುಬಿಟ್ಟಿತು. ಮತ್ತು ಆ ಮೂಗು ಮಾತು ಕೇಳಿತು. ಬೆರಳಿನ ಕೆಳಗೆ ಏನೋ ಮಿದುವಾಗಿ, ಎಷ್ಟು ಬೇಕೋ ಅಷ್ಟೇ ಸರಿದು, ಅಲ್ಲೇ ನಿಂತಿತು. ಚಂದವ್ವನ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಒಮ್ಮೆಯೂ ಕೇಳದ ಮೂಗು ಈಗ ಕೇಳುತ್ತಿದೆ. ಮೊದಲನೆಯದು ಬೆರಳಿನ ಚಟ, ಅದಕ್ಕೆ ಕ್ಷಮೆ ಇರಬಹುದು. ಎರಡನೆಯ ಸಲ ಅವಳು ಗೊತ್ತಿದ್ದೂ ಒತ್ತಿದಳು. ಒತ್ತಿದರೆ ಕೇಳುತ್ತದಲ್ಲ ಎಂಬ ಆಸೆಗೆ, ಇನ್ನೂ ಒಂದು ಎಳೆ ತಿದ್ದಿದರೆ ಅದರಲ್ಲಿ ತನ್ನದೂ ಪಾಲಿರುತ್ತದಲ್ಲ ಎಂಬ ಆಸೆಗೆ ಒತ್ತಿದಳು. ಮಗಳು ನಿದ್ದೆಯಲ್ಲೇ ಉಸಿರೆಳೆದುಕೊಂಡಳು. ಚಂದವ್ವ ಕೈ ತೆಗೆದು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

ಭಾಗವ್ವನ ಮನೆಯ ಮೆಟ್ಟಿಲಿಳಿಯುವಾಗ ಎದುರಿಗೆ ಕಂಠೆಪ್ಪ ಓಡಿಬರುತ್ತಿದ್ದ. ಟವೆಲ್ಲು ಕೊರಳಿಗೆ ಜಾರಿತ್ತು, ಅದರ ಪರಿವೆಯೂ ಅವನಿಗಿರಲಿಲ್ಲ. "ಲಗೂ ಬಾ. ಗೀತಾನ ಮೂಗ ಕಪ್ಪಾಗಾಕತ್ತೈತಿ." ಆ ಮಾತು ಕಿವಿಗೆ ಬಿದ್ದಾಗ ಚಂದವ್ವನಿಗೆ ಆಶ್ಚರ್ಯವೇ ಆಗಲಿಲ್ಲ. ಬೆಳಗಿನಿಂದ ಅದನ್ನೇ ಕಾಯುತ್ತಿದ್ದೆನಲ್ಲ ಎನ್ನಿಸಿತು.

ಗೀತಾಂಜಲಿ ಕಿಟಕಿಯ ಸರಳಿಗೆ ಸಿಕ್ಕಿಸಿದ ಕನ್ನಡಿಯ ಮುಂದೆ ನಿಂತಿದ್ದಳು. ಮೂಗಿನ ತುದಿ ಬಿಳಿಚಿತ್ತು. ಅದರ ಸುತ್ತ, ಎಡಗಡೆಯ ಹೊಳ್ಳೆಯವರೆಗೆ, ನೇರಳೆ ಬಣ್ಣದ ಸಣ್ಣ ಬಲೆ ಹರಡಿತ್ತು. ಫೋನು ಕಿವಿಗಿತ್ತು. "ಹೌದ್ರಿ ಡಾಕ್ಟರ್. ರಾತ್ರಿ ಬರೇ ಸೆಳೀತಿತ್ರಿ, ಸೂಜಿ ನೋವು ಅಂತ ಸುಮ್ನ ಇದ್ದೆ. ಈಗ ಭಾಳ ಐತಿ… ಇಲ್ರಿ, ಕಣ್ಣ ಸರಿ ಕಾಣತಾವು. ಎರಡೂ ಕಾಣತಾವು." ಆಮೇಲೆ ಡಾಕ್ಟರು ಹೇಳಿದಂತೆ ಬೆರಳಿನಿಂದ ಮೂಗಿನ ತುದಿಯನ್ನು ಒತ್ತಿ ಬಿಟ್ಟು ಕನ್ನಡಿ ನೋಡಿದಳು. "ಬರವಲ್ದ್ರಿ. ಬಣ್ಣ ಬರವಲ್ದು." ಫೋನಿನ ಆಚೆಯ ಧ್ವನಿ ಏನೋ ಅಂದಿತು. ಗೀತಾಂಜಲಿ ಚಪ್ಪಲಿ ಹುಡುಕತೊಡಗಿದಳು. "ರಕ್ತ ಹೋಗೂ ದಾರಿ ಕಟ್ಟೇತಂತ. ಈಗಿಂದೀಗ ಬಾ ಅಂದ್ರು. ತಡಾ ಆದ್ರ ಅಷ್ಟು ಚರ್ಮ ಸತ್ತ ಹೋಗತೈತಂತ." ಕಂಠೆಪ್ಪ ಬಾಗಿಲಲ್ಲಿ ಅಡ್ಡಕ್ಕೆ ನಿಂತಿದ್ದ, ದಾರಿ ಬಿಡಬೇಕೆಂಬುದೂ ತೋಚದೆ. "ಇದ್ದದ್ದ ಇರಬಾರದಿತ್ತೇನವ್ವಾ," ಎಂದ. ಬೈದದ್ದಲ್ಲ, ತನ್ನ ಮೂಗಿನ ಪರವಾಗಿ ಅವನು ಆಡಿದ್ದು ಆ ಒಂದೇ ಮಾತು.

ಓಣಿಯ ಬಾಯಲ್ಲಿ ಜುನೇದನ ಟ್ಯಾಕ್ಸಿ ನಿಂತಿತ್ತು. ಅವನು ಈ ಓಣಿಯಲ್ಲೇ ಹುಟ್ಟಿದವನು, ಚಂದವ್ವನ ಕಾಲ ಮೇಲೆ ಮಲಗಿ ಮೈಗೆ ಎಣ್ಣೆ ಹಚ್ಚಿಸಿಕೊಂಡವನು. ನೋಡಿದವರು ತಿರುಗಿ ನೋಡುವಂಥ ಮೂಗು ಅವನದು, ಗಿಣಿಮೂಗು. ಹೊಸಬರು ಸಿಕ್ಕಾಗಲೆಲ್ಲ ಅವನನ್ನು ನಿಲ್ಲಿಸಿ ಗದ್ದ ಹಿಡಿದು ತೋರಿಸುವುದು ಚಂದವ್ವನ ಅಭ್ಯಾಸ. ಗೀತಾಂಜಲಿಯ ಮುಖ ನೋಡಿ ಅವನು ಬಾಯಿಬಿಡದೆ ಗಾಡಿ ಎಬ್ಬಿಸಿದ. ಝುವಾರಿ ಸೇತುವೆ ಹತ್ತುವಾಗ ಮಾತ್ರ, ಧೈರ್ಯ ಹೇಳಬೇಕೆಂದು, "ಕಾಕು, ಅಂಜಬ್ಯಾಡ. ನನ್ನ ಮೂಗ ನೀನ ಮಾಡಿದ್ದಲ್ಲ? ಏನಾರ ಆದ್ರ ಇದನ್ನೂ ನೀನ ಸರಿ ಮಾಡತೀ ಬಿಡು," ಎಂದ. ಚಂದವ್ವ ಕೈಗಳನ್ನು ಸೀರೆಯ ನೆರಿಗೆಯೊಳಗೆ ತುರುಕಿಕೊಂಡಳು. ಕೆಳಗೆ ನದಿ ಅಷ್ಟಗಲಕ್ಕೆ ಬಿದ್ದುಕೊಂಡಿತ್ತು. ಎಷ್ಟೋ ಸಲ ದಾಟಿದ ಸೇತುವೆ, ಒಮ್ಮೆಯೂ ಅವಳು ನೀರನ್ನು ಹೀಗೆ ನೋಡಿರಲಿಲ್ಲ. ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ, ಯಾರೂ ತಳ್ಳುವುದಿಲ್ಲ. ಪಕ್ಕದಲ್ಲಿ ಮಗಳು ಡಾಕ್ಟರು ಹೇಳಿಕೊಟ್ಟಂತೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಮೂಗಿಗಿಟ್ಟುಕೊಂಡು ಕುಳಿತಿದ್ದಳು. ಆಗಾಗ ಒಂದು ಕಣ್ಣು ಮುಚ್ಚುವಳು, ತೆರೆಯುವಳು, ಇನ್ನೊಂದು ಮುಚ್ಚುವಳು. "ಯಾಕ ಹಂಗ ಮಾಡತೀ?" ಎಂದರೆ "ನೋಡಾಕತ್ತೇನಿ, ಕಾಣತಾವೋ ಇಲ್ಲೋ" ಎಂದಳು. "ಕಣ್ಣಿಗೂ ಮೂಗಿಗೂ ಏನ ಸಂಬಂಧ?" ಎಂದಳು ಚಂದವ್ವ. "ಎರಡಕ್ಕೂ ರಕ್ತದ ನರ ಒಂದ ಅಂತ. ಮೂಗಿನ್ಯಾಗ ಹಾಕಿದ್ದು ನರ ಹಿಡದ ಕಣ್ಣಿಗೆ ಹೋದ್ರ ಕಣ್ಣ ಹೋಗತೈತಿ. ಮೊದಲ ಹೇಳಿದ್ರು ಡಾಕ್ಟರ್. ಎಲ್ಲಾ ಹೇಳಿನ ಮಾಡಿದ್ರು. ಭಾಳ ಕಡಿಮಿ ಮಂದಿಗೆ ಹಂಗಾಗತೈತಿ ಅಂದ್ರು. ಆ ಕಡಿಮಿ ಮಂದ್ಯಾಗ ನಾ ಬರತೇನಿ ಅಂತ ಯಾರಿಗೆ ಅನಸತೈತಿ?"

ಚಂದವ್ವನಿಗೆ ಸೇತುವೆಯೇ ಕಾಲ ಕೆಳಗಿನಿಂದ ಸರಿದಂತಾಯಿತು. ಇಷ್ಟು ವರ್ಷ ಅವಳ ಹೆಬ್ಬೆರಳು ಓಡಾಡಿದ್ದು ಕಣ್ಣಿಗೆ ಹೋಗುವ ದಾರಿಯ ಮೇಲೆ! ಎಷ್ಟು ಕೂಸುಗಳು, ಎಷ್ಟು ಬೆಳಗುಗಳು; ಆ ತೆಳು ಚರ್ಮದ ಕೆಳಗೆ ಕೂದಲೆಳೆಯಂಥ ಹಳ್ಳಗಳು ಹರಿದು ಹರಿದು ಕಣ್ಣಿಗೆ ಬೆಳಕು ಹೊತ್ತು ಹೋಗುತ್ತಿದ್ದವು, ಅವಳು ಮೇಲೆ ಕುಳಿತು ಹಾಡು ಹೇಳುತ್ತ ಹಿಟ್ಟು ನಾದಿದಂತೆ ನಾದುತ್ತಿದ್ದಳು. ಮೂಗೆಂದರೆ ಮೂಗು ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು. ಈಗ ಜುನೇದನ ಮೂಗಿನ ಏಣು ಗಾಡಿಯ ಕನ್ನಡಿಯಲ್ಲಿ ಕಾಣುತ್ತಿತ್ತು, ಅದರ ಮೇಲೆ ಅವನ ಎರಡು ಕಣ್ಣು ಪಿಳಿಪಿಳಿ ರಸ್ತೆ ನೋಡುತ್ತಿದ್ದವು. ಆ ಕಣ್ಣು ಉಳಿದದ್ದೇ ದೊಡ್ಡದು ಎನ್ನಿಸಿ ಅವಳು ಯಾರಿಗೆಂದು ತಿಳಿಯದೆ ಕೈ ಮುಗಿದಳು.

ಮ್ಹಾಪಸಾದಲ್ಲಿ ಅಂದು ಶುಕ್ರವಾರದ ಸಂತೆ. ಊರ ಹೆಬ್ಬಾಗಿಲಿಗೇ ಗಾಡಿ ಸಿಕ್ಕಿಕೊಂಡಿತು. ಮುಂದೆ ಬಾಳೆಗೊನೆಯ ಟೆಂಪೋ, ಹಿಂದೆ ಬಸ್ಸು, ಪಕ್ಕದಲ್ಲಿ ಒಣಮೀನು, ಮಾಲೆ ಕಟ್ಟಿದ ಚೌರಿಸೊ ಮಾಂಸ, ಹೂವಿನ ಬುಟ್ಟಿ. ಜುನೇದ ಹಾರನ್ನು ಒತ್ತೇ ಒತ್ತಿದ. ಒಬ್ಬ ಮುದುಕಿ ಕೊಂಕಣಿಯಲ್ಲಿ ಅವನ ಏಳು ತಲೆಮಾರನ್ನು ಬಗೆದು ಹಾಕಿದಳು, ಟೆಂಪೋ ಮಾತ್ರ ಅಲುಗಲಿಲ್ಲ. "ದಾರಿ ಕಟ್ಟೇತಿ ಕಾಕು," ಎಂದ. ಆ ಮಾತನ್ನು ಬೆಳಿಗ್ಗೆಯೇ ಒಮ್ಮೆ ಕೇಳಿದ್ದ ಚಂದವ್ವ ಬಾಗಿಲು ತೆಗೆದು ಮಗಳ ರಟ್ಟೆ ಹಿಡಿದು ಇಳಿದೇಬಿಟ್ಟಳು. "ಸರೀರಿ, ಸರೀರಿ ಯಪ್ಪಾ, ಬಾಜೂ ಸರ್ಕಾ!" ಎಂದು ಬಂದ ಭಾಷೆಯಲ್ಲೆಲ್ಲ ಕೂಗುತ್ತ, ಮೆಣಸಿನಕಾಯಿ ರಾಶಿಗಳ ನಡುವೆ, ಮಡಕೆಗಳ ನಡುವೆ ನುಗ್ಗಿದಳು. ಜನ ಮಗಳ ಮೂಗನ್ನು ನೋಡುತ್ತಿದ್ದರು. ನೋಡಲಿ. ಗೀತಾಂಜಲಿಯ ಕೈ ಅಭ್ಯಾಸದಂತೆ ಮುಖಕ್ಕೆ ಏಳುತ್ತಿತ್ತು. "ಬಿಡು, ಮುಚ್ಚಿಕೋಬ್ಯಾಡ, ದಾರಿ ನೋಡು," ಎಂದು ಚಂದವ್ವ ಆ ಕೈಯನ್ನು ಎಳೆದು ಕೆಳಗೆ ಹಾಕಿದಳು.

ಡಾಕ್ಟರು ಮಂಗಲಾ ದವಾಖಾನೆಯ ಮೆಟ್ಟಿಲ ಮೇಲೆಯೇ ನಿಂತು ಕಾಯುತ್ತಿದ್ದರು. ಚಂದವ್ವ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಜಂಬದ ಹೆಂಗಸಲ್ಲ. ಹಣೆ ಬೆವೆತ, ನಿದ್ದೆಗೆಟ್ಟಂತೆ ಕಾಣುವ, ತನ್ನ ಮಗಳಿಗಿಂತ ಅಷ್ಟೇನೂ ದೊಡ್ಡದಲ್ಲದ ಜೀವ. ಕುರ್ಚಿಯ ಮೇಲೆ ಮಲಗಿಸಿ ದೀಪ ಹಾಕಿ ಮೂಗನ್ನು ಒತ್ತಿದರು, ಬಿಟ್ಟರು, ನೋಡಿದರು. ಮತ್ತೆ ಒತ್ತಿದರು. "ಜೇನ ಹುಳ ಕಡದು ಯಾವಾಗರೆ ಮೈ ಬಾತಿತ್ತೇನ ಗೀತಾಂಜಲಿ?" ಎಂದು ಕೇಳಿದರು. ಇಲ್ಲ ಎಂದಳು ಅವಳು. ಜೇನಿಗೂ ಇದಕ್ಕೂ ಏನು ನಂಟೋ ಚಂದವ್ವನಿಗೆ ತಿಳಿಯಲಿಲ್ಲ. ಕರಗಿಸುವ ಔಷಧಿ ಕೆಲವರಿಗೆ ಒಗ್ಗುವುದಿಲ್ಲ, ಜೇನಿನ ವಿಷ ಒಗ್ಗದವರಿಗೆ ಇದೂ ಒಗ್ಗದಿರಬಹುದು ಎಂದು ಡಾಕ್ಟರು ಸಿರಿಂಜು ತುಂಬುತ್ತಲೇ ಹೇಳಿದರು. ಜೇನು, ಮೂಗು, ಕಣ್ಣು. ಎಲ್ಲಿಂದೆಲ್ಲಿಗೆ ದಾರಿಗಳಿವೆ ಈ ದೇಹದೊಳಗೆ ಎಂದು ಬೆರಗಾಗಿ, ಆ ಬೆರಗಿನಲ್ಲಿ ಒಂದು ಗಳಿಗೆ ಅಂಜಿಕೆಯನ್ನೂ ಮರೆತಳು ಅವಳು. ಆಗಲೇ ಡಾಕ್ಟರು ತಲೆಯೆತ್ತದೆ ಕೇಳಿದ್ದು: "ಯಾರರೆ ಒತ್ತಿದ್ರೇನ ಮೂಗ? ಬಡದಿದ್ದು, ತಿಕ್ಕಿದ್ದು?"

ಚಂದವ್ವ ಬಾಯಿ ತೆರೆದಳು. "ಇಲ್ರಿ," ಎಂದಳು ಗೀತಾಂಜಲಿ, ಅಷ್ಟರೊಳಗೆ. "ಯಾರೂ ಮುಟ್ಟಿಲ್ರಿ." ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಬಚಾವಾದೆ ಎಂದು ಒಳಗೊಳಗೇ ಹಗುರಾದದ್ದು ಅವಳಿಗೇ ಗೊತ್ತಾಗಿ ಅಸಹ್ಯವಾಯಿತು. ಏನು ತಾಯಿ ಇವಳು! ಸೂಜಿ ಚುಚ್ಚಿತು, ಮತ್ತೊಂದು ಕಡೆ ಚುಚ್ಚಿತು, ಮಗಳ ಕಾಲ ಬೆರಳುಗಳು ಮಡಚಿಕೊಂಡವು, ಇವಳು ಗೋಡೆಗೆ ಆತು ಸಾಧುವಿನ ಹಾಗೆ ನಿಂತಿದ್ದಾಳೆ. ಡಾಕ್ಟರು ಸಿರಿಂಜು ಕೆಳಗಿಟ್ಟು ತಮ್ಮ ಹೆಬ್ಬೆರಳು ತೋರುಬೆರಳುಗಳ ನಡುವೆ ಮೂಗನ್ನು ಹಿಡಿದರು. ಹುಬ್ಬುಗಳ ನಡುವಿನಿಂದ ಶುರು ಮಾಡಿ ತುದಿಯವರೆಗೆ, ಗಟ್ಟಿಯಾಗಿ, ಬಿಡದೆ. ಚಂದವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಅದೇ ತೀಡುವುದು! ಎಣ್ಣೆ ಒಂದಿಲ್ಲ, ಹಾಡು ಒಂದಿಲ್ಲ. "ಔಷಧ ಒಳಗ ಹರಡಬೇಕಂದ್ರ ಚಲೋತ್ನ್ಯಾಗ ತೀಡಬೇಕಾಗತೈತಿ," ಎಂದರು ಡಾಕ್ಟರು. ಸ್ವಲ್ಪ ಹೊತ್ತಿನ ಮೇಲೆ ಒತ್ತಿ ಬಿಟ್ಟು ನೋಡಿ ತುಟಿ ಕಚ್ಚಿಕೊಂಡರು. "ಇನ್ನೊಂದ ಡೋಸ್ ಬೇಕು. ಅವ್ವಾರ, ನೀವ ಬರ್ರಿಲ್ಲೆ. ಕೈ ತೊಳಕೊಂಡ ಈ ಗ್ಲೋವ್ಸ್ ಹಾಕ್ಕೊಳ್ರಿ. ನಾ ಔಷಧ ತುಂಬೂತನಾ ನೀವ ತೀಡ್ರಿ, ಬಿಡಬ್ಯಾಡ್ರಿ."

"ನಾನೇನ್ರಿ?" ಎಂದಳು ಚಂದವ್ವ. ಗೋಡೆಯಿಂದ ಬೆನ್ನು ಕೀಳಲಾಗಲಿಲ್ಲ.

"ಮತ್ಯಾರ್ರಿ? ಬರ್ರಿ ಲಗೂ."

"ಬ್ಯಾಡ್ರಿ ಬಾಯಾರ. ನಾ ಮುಟ್ಟೂದಿಲ್ರಿ." ಆಮೇಲೆ ಮಾತು ತಾನೇ ಬಾಯಿಂದ ಬಿತ್ತು. "ನಿನ್ನೆ ನಾನ ತೀಡೀನ್ರಿ. ಹುಡುಗಿ ಮಲಗಿದ್ಲು. ಒಮ್ಮೆ ಅಲ್ರಿ, ಎರಡ ಸಲ ತೀಡೀನಿ. ಬ್ಯಾಡ ಅಂತ ಹೇಳಿದ್ಲು, ಆದ್ರೂ ತೀಡಿದೆ. ನನ್ನ ಕೈಯಿಂದನ ಆತ್ರಿ ಇದು. ಈ ಕೈ ಕಡದ ಹಾಕಬೇಕ್ರಿ." ಅವಳು ಅಳುತ್ತಿದ್ದಳು, ಗ್ಲೋವ್ಸು ಚಾಚಿದ ಡಾಕ್ಟರ ಕೈ ಗಾಳಿಯಲ್ಲೇ ನಿಂತಿತ್ತು. ಡಾಕ್ಟರ ಮುಖ ಒಮ್ಮೆ ಬಿಗಿದು ಸಡಿಲಿತು.

ಕುರ್ಚಿಯ ಮೇಲಿನಿಂದ ಗೀತಾಂಜಲಿ, ಕಣ್ಣು ಮುಚ್ಚಿಕೊಂಡೇ, "ಗೊತ್ತೈತಿ ಅವ್ವಾ," ಎಂದಳು. "ನಾ ಎಚ್ಚರ ಇದ್ದೆ."

"ಎಚ್ಚರ ಇದ್ದೀ? ಮತ್ತ ಯಾಕ ಕೈ ಹಿಡೀಲಿಲ್ಲ? ಯಾಕ ಬೈಲಿಲ್ಲ?"

"ಹಿಡೀಬೇಕಿತ್ತು." ಒಂದು ಕಣ್ಣೀರು ಕಿವಿಯ ಕಡೆಗೆ ಜಾರಿತು. "ಊರ ಮಕ್ಕಳಿಗೆಲ್ಲಾ ತೀಡತಿದ್ದಿ. ನನಗ ತೀಡೂದ ಯಾವಾಗೋ ಬಿಟ್ಟಬಿಟ್ಟಿದ್ದಿ. ಇದು ಕೇಳೂದಿಲ್ಲ ಅಂತ ಕೈಬಿಟ್ಟಿ ಅನಸತಿತ್ತು ನನಗ. ನಿನ್ನೆ ಮತ್ತ ತೀಡಿದೀ… ಇನ್ನೊಂದ ಸ್ವಲ್ಪ ತೀಡಲಿ ಅನಸ್ತು. ಸುಮ್ನ ಮಲಗಿದೆ."

ಡಾಕ್ಟರು ಸಿರಿಂಜನ್ನು ಬೆಳಕಿಗೆ ಹಿಡಿದು ಗುಳ್ಳೆ ಹೊರಗೆ ಬಿಟ್ಟರು. "ಯಾರ ಕೈಯಿಂದ ಆತು ಅಂತ ನನಗೂ ಹೇಳಾಕ ಬರೂದಿಲ್ಲ ಅವ್ವಾರ," ಎಂದರು ನಿಧಾನಕ್ಕೆ. "ಒತ್ತಬಾರದಿತ್ತು, ಅದು ಖರೇ. ಆದ್ರ ಸೂಜಿ ನಂದು. ಎಷ್ಟ ಜ್ವಾಕಿ ಮಾಡಿದ್ರೂ ಒಳಗ ಯಾವ ನರ ಎಲ್ಲೈತಿ ಅಂತ ಕಣ್ಣಿಗೆ ಕಾಣೂದಿಲ್ಲ. ಅದಕ್ಕ ಕರಗಸೂ ಔಷಧ ಇಲ್ಲದ ನಾ ಸೂಜಿ ಮುಟ್ಟೂದಿಲ್ಲ. ಅಳೂದ ಆಮ್ಯಾಲ ಅಳೋಣಂತ. ಈಗ ತೀಡ್ರಿ."

ಚಂದವ್ವ ಕೈ ತೊಳೆದು ಗ್ಲೋವ್ಸು ಹಾಕಿಕೊಂಡು ತೀಡಿದಳು. ಮೊದಲು ಬೆರಳು ಮರದ ತುಂಡಿನಂತಿತ್ತು, ಆಮೇಲೆ ಅದಕ್ಕೆ ತನ್ನ ದಾರಿ ನೆನಪಾಯಿತು. ಬೆರಳಿನ ಕೆಳಗೆ ಏನೋ ಇಳಿಯುತ್ತಿತ್ತು. ಬುಧವಾರ ಹೊಸ್ತಿಲಲ್ಲಿ ನಿಂತು ಅವಳು ಕಣ್ಣು ತುಂಬ ನೋಡಿದ ಏಣು, ಮನಸ್ಸಿನಲ್ಲಿ ಅಷ್ಟು ವರ್ಷ ಇಟ್ಟುಕೊಂಡಿದ್ದ ಮೂಗು, ಬೆಲ್ಲ ನೀರಾದಂತೆ ಕರಗಿ ಹೋಗುತ್ತಿತ್ತು, ಕರಗಿಸುತ್ತಿದ್ದುದು ಅವಳದೇ ಕೈ. ಅಯ್ಯೋ ಎನ್ನಿಸಿತು. ಆದರೂ ಬಿಡಲಿಲ್ಲ. ಡಾಕ್ಟರು ಮತ್ತೆ ಚುಚ್ಚಿದರು, ಇವಳು ಮತ್ತೆ ತೀಡಿದಳು. ಬಿಸಿ ಬಟ್ಟೆ ಇಟ್ಟರು, ತೆಗೆದರು, ಕಾಯ್ದರು. ಹೊರಗೆ ಸಂತೆಯ ಗದ್ದಲ ಏರಿ ಇಳಿಯಿತು. ಕರಗಿದ್ದೆಲ್ಲ ಕರಗಿ ಅಡಿಯಲ್ಲಿ ಬೆರಳಿಗೆ ಸಿಕ್ಕಿದ್ದು ಹಳೆಯ ಪರಿಚಯದ ಮೂಗು, ಅಗಲದ್ದು, ಮೊಂಡು, ಅವಳ ಮಾತನ್ನು ಎಂದೂ ಕೇಳದ್ದು. ಚಂದವ್ವ ಅದನ್ನು ಕೈಯಲ್ಲೇ ಗುರುತಿಸಿದಳು. ಬಂದೆಯಾ ಯವ್ವಾ, ಎಂದಿತು ಅವಳ ಜೀವ.

"ಈಗ ಒತ್ತಿ ಬಿಡ್ರಿ," ಎಂದರು ಡಾಕ್ಟರು.

ಒತ್ತಿದಳು. ಬಿಟ್ಟಳು. ಒತ್ತಿದ ಜಾಗ ಬಿಳಿಚಿ ನಿಂತಿತು. ಆಮೇಲೆ ಅಂಚಿನಿಂದ, ಯಾರೂ ತಳ್ಳದೆ, ಯಾರೂ ಕರೆಯದೆ, ಕೆಂಪು ಬಂತು. ಮೊದಲು ಒಂದು ಮಬ್ಬು, ನಂತರ ನಡುವಿನವರೆಗೆ, ನಂತರ ತುದಿಯವರೆಗೆ. "ಬಂತ್ರೀ!" ಎಂದು ಕಿರುಚಿದಳು ಚಂದವ್ವ. ಡಾಕ್ಟರು ಸ್ಟೂಲಿನ ಮೇಲೆ ಕುಸಿದು ಕುಳಿತು ಅಂಗೈಯಿಂದ ಮುಖ ಒರೆಸಿಕೊಂಡರು. ಇನ್ನೂ ಎರಡು ದಿನ ಬಂದು ತೋರಿಸಬೇಕು, ಒಂದು ಕಡೆ ಸಣ್ಣ ಕಲೆ ಉಳಿದರೂ ಉಳಿಯಬಹುದು, ಮನೆಯಲ್ಲಿ ಆಗಾಗ ಒತ್ತಿ ನೋಡುತ್ತಿರಬೇಕು ಎಂದರು. ಚಂದವ್ವನ ಕಿವಿಗೆ ಅದು ಅರ್ಧ ಬಿತ್ತು. ಅವಳು ಮತ್ತೆ ಒತ್ತಿ ಬಿಟ್ಟಳು, ಮತ್ತೆ ಬಂತು. ಹೋಗೆಂದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ. ತಾನು ಹೆತ್ತ ಮೈಯೊಳಗೆ ಇಂಥದ್ದೊಂದು ಹಗಲಿರುಳು ನಡೆದಿತ್ತು, ತಾನು ಒಮ್ಮೆಯೂ ನೋಡಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿಯೇ ಬಿಟ್ಟಳು. "ಬಾಯಾರ, ಹಸಿಗೂಸಿನ ಮೂಗ ದಿನಾ ತೀಡಿದ್ರ ನೆಟ್ಟಗ ಆಗತೈತೇನ್ರಿ?"

ಡಾಕ್ಟರು ಅವಳ ಮುಖ ನೋಡಿದರು. ನಮ್ಮಜ್ಜಿಯೂ ನನಗೆ ತೀಡುತ್ತಿದ್ದಳು ಎಂದು ನಗುತ್ತ ಶುರು ಮಾಡಿದವರು ಅರ್ಧಕ್ಕೆ ನಗು ಬಿಟ್ಟು, "ಇಲ್ಲವ್ವಾರ," ಎಂದರು. "ಮೂಗ ತಾನ ಬೆಳೀತೈತಿ. ಹ್ಯಾಂಗ ಬರೂದೈತಿ ಹಂಗ ಬರತೈತಿ."

ತಿರುಗಿ ಬರುವಾಗ ಸೇತುವೆಯ ಮೇಲೆ ಬಿಸಿಲು ಇಳಿದಿತ್ತು. ಗೀತಾಂಜಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು, ಈ ಸಲ ಖರೇ ನಿದ್ದೆ. ಜುನೇದ ಕನ್ನಡಿಯಲ್ಲಿ ನೋಡಿ ನಕ್ಕ. "ನಾ ಹೇಳಲಿಲ್ಲೇನ ಕಾಕು? ನಿನ್ನ ಕೈ ಅಂದ್ರ ಕೈ. ನನ್ನ ಮೂಗ ನೋಡು!"

"ನಿನ್ನ ಮೂಗ ನಾ ಮಾಡಿದ್ದಲ್ಲಪಾ," ಎಂದಳು ಚಂದವ್ವ.

"ಏನಂತೀ? ಮತ್ತ ಯಾರ ಮಾಡಿದ್ರು?"

ಅವಳಿಗೆ ಅದೇ ತಿಳಿಯುತ್ತಿರಲಿಲ್ಲ. ನಾಚಿಕೆಯಾಗಬೇಕಿತ್ತು, ಓಣಿ ತುಂಬ ಇಷ್ಟು ವರ್ಷ ಹೊತ್ತು ಮೆರೆದದ್ದು ಸುಳ್ಳೆಂದು ಅಳು ಬರಬೇಕಿತ್ತು. ಬರಲಿಲ್ಲ. ಅವಳ ಕಣ್ಣ ಮುಂದೆ ಮೂಗುಗಳು ಬರುತ್ತಿದ್ದವು: ಜುನೇದನದು, ಭಾಗವ್ವನ ಮಕ್ಕಳದು, ಶಾಲೆ ಬಿಟ್ಟಾಗ ಗುಡ್ಡ ಇಳಿದು ಬರುವ ನೂರಾರು ಮೂಗುಗಳು, ಉದ್ದದ್ದು, ಗಿಡ್ಡದ್ದು, ಗಿಣಿಯಂಥದ್ದು, ಗುಂಡಿಯಂಥದ್ದು. ಅಷ್ಟೂ ತಾವೇ ಬಂದವೇ? ಇವಳು ಬರೀ ಕೈ ಇಟ್ಟುಕೊಂಡು ಕುಳಿತಿದ್ದಳೇ, ಅವು ಒಳಗಿನಿಂದ ತಮ್ಮಷ್ಟಕ್ಕೆ ಏಳುವಾಗ? ಅಬ್ಬಾ, ಎಂದಳು ಗಟ್ಟಿಯಾಗಿಯೇ. ಜುನೇದ ಏನಾತು ಕಾಕು ಎಂದ. ಏನಿಲ್ಲ ಎಂದಳು.

ಕಂಠೆಪ್ಪ ಕೆಲಸಕ್ಕೆ ಹೋಗದೆ ಹೊಸ್ತಿಲಲ್ಲೇ ಕುಳಿತಿದ್ದ, ಮತ್ತೆ ಟವೆಲ್ಲು ಸುತ್ತಿಕೊಂಡು. ಟ್ಯಾಕ್ಸಿಯಿಂದಿಳಿದ ಮಗಳ ಮುಖವನ್ನು ದೀಪದ ಬೆಳಕಿಗೆ ಹಿಡಿದು ನೋಡಿದ. ಚುಚ್ಚಿದ ಗುರುತು, ನೇರಳೆ ಛಾಯೆ, ಬಾವು. ಅದರ ನಡುವೆ ತನ್ನ ಮೂಗು. "ನಿಂದ ವಾಪಸ್ ಬಂತಪಾ," ಎಂದಳು ಗೀತಾಂಜಲಿ, ದಣಿದು ನಗುತ್ತ. ಕೈ ಮೇಲೇಳಲಿಲ್ಲ. ಕಂಠೆಪ್ಪನ ಕಣ್ಣಿನಲ್ಲಿ ಒಂದು ಖುಷಿ ಮಿಂಚಿತು; ಮಗಳು ಇಷ್ಟು ನೊಂದಾಗ ಖುಷಿಪಟ್ಟೆನಲ್ಲ ಎಂದು ಮರುಕ್ಷಣವೇ ಅವನು ನಾಚಿ ನೆಲ ನೋಡಿದ್ದೂ ಚಂದವ್ವನಿಗೆ ಕಂಡಿತು. ಅವನು ಎದ್ದು ಹೊರಗೆ ಹೋಗಲು ಅನುವಾದ.

"ತಡೀರಿ," ಎಂದಳು ಅವಳು. ಟವೆಲ್ಲನ್ನು ಕೆಳಗೆಳೆದಳು. ಮದುವೆಯಾಗಿ ಇಷ್ಟು ಕಾಲದಲ್ಲಿ ಈ ಮೂಗನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ, ಊರವರದೆಲ್ಲ ಮುಟ್ಟಿದ್ದಳು. ಹೆಬ್ಬೆರಳನ್ನು ಅದರ ತುದಿಗೆ ಇಟ್ಟು ಒತ್ತಿದಳು. "ಏನ್ ಮಾಡಾಕತ್ತೀ? ಹುಚ್ಚ ಹಿಡದೈತೇನ ನಿನಗ?" ಎಂದ ಕಂಠೆಪ್ಪ, ಕದಲದೆ.

"ಸುಮ್ನ ನಿಂದರ್ರಿ," ಎಂದಳು ಚಂದವ್ವ. "ನೋಡಾಕತ್ತೇನಿ." ಮತ್ತು ಬೆರಳು ತೆಗೆದಳು. ಬಿಸಿಲಲ್ಲಿ ಬೆಂದ ಆ ಅಗಲ ಮೂಗಿನ ಮೇಲೆ, ಬೆರಳಿದ್ದ ಜಾಗಕ್ಕೆ, ನಿಧಾನವಾಗಿ ಕೆಂಪು ಬಂತು.